ಮುಕುಂದರಾಯರು ಬಿಟ್ಟ ಹನ್ನೊಂದು ಹಾಳೆ

ಪುಸ್ತಕವನ್ನು ಮುಕುಂದರಾಯರಂತೆ ಓದಿದವರನ್ನು ನಾನು ಕಂಡಿಲ್ಲ. ಮೊದಲು ರಟ್ಟಿನ ಮೇಲಿನ ಹೆಸರು. ಆಮೇಲೆ ಅಚ್ಚು ಹಾಕಿದವನ ಹೆಸರು, ಅವನ ಓಣಿ, ಅವನ ಊರು. ಟಪಾಲು ಖರ್ಚು ಬೇರೆ ಎಂಬ ಸೂಚನೆ. ಕಥೆಯ ನಡುವೆ ಕೂದಲೆಣ್ಣೆಯ ಜಾಹೀರಾತು ಬಂದರೆ ಅಳುತ್ತಿರುವ ನಾಯಕಿಯನ್ನು ಅಲ್ಲಿಯೇ ನಿಲ್ಲಿಸಿ, ಅದೇ ದನಿಯಲ್ಲಿ ಎಣ್ಣೆಯ ಗುಣಗಳನ್ನೂ ಓದುತ್ತಿದ್ದರು. ಕೊನೆಗೆ ತಪ್ಪೊಪ್ಪುಗಳ ಪಟ್ಟಿ, ಇಷ್ಟನೆಯ ಪುಟ, ಇಷ್ಟನೆಯ ಸಾಲು. ಆ ಪಟ್ಟಿ ಮುಗಿಯುವ ಹೊತ್ತಿಗೆ ಕೇಳುವವರಲ್ಲಿ ಎಚ್ಚರವಾಗಿರುತ್ತಿದ್ದುದು ಗೋಡೆಯ ಮೇಲಿನ ಹಲ್ಲಿ ಮತ್ತು ನಾನು. ಹಲ್ಲಿಗೆ ಹುಳುವಿನ ಆಸೆಯಿತ್ತು, ನನಗೆ ರಾಯರ ಹೆಂಡತಿ ಪಾರ್ವತೀಬಾಯಿಯವರು ಕೊಡುವ ಚಹಾದ ಆಸೆ.

ನಿಜಾಮರ ಲೆಕ್ಕದ ಫಸಲಿ 1340ರ, ಅಂದರೆ ಇಸವಿ 1930ರ ಸುಮಾರಿಗೆ ಕಲಬುರ್ಗಿಯ ಗಾಜಿಪುರದಲ್ಲಿ ಅವರ ಮನೆಯ ಹೊರಕೋಣೆಯಲ್ಲಿ ಎರಡು ವರ್ಷ ಬಿಡಾರ ಮಾಡಿದ್ದೆ. ರಾಯರಿಗೆ ಆಗ ಐವತ್ತಾರು ವರ್ಷ. ಗಿಡ್ಡ ಆಳು, ಕೆಮ್ಮು ಬಂದರೂ ನೆರೆಮನೆಯವರಿಗೆ ತ್ರಾಸಾದೀತೆಂದು ಪಂಚೆಯ ತುದಿಯಲ್ಲಿ ಬಾಯಿ ಮುಚ್ಚಿಕೊಳ್ಳುವ ಸ್ವಭಾವ. ಇರುವೆ ತುಳಿದರೆ "ಕೃಷ್ಣಾ" ಎನ್ನುತ್ತಿದ್ದರು. ನನ್ನಂಥವನ ಓದು ಬೇರೆ ಜಾತಿಯದು. ನಾನು ಕಾದಂಬರಿ ಹಿಡಿದರೆ ಕಡೆಯ ಪುಟ ಮೊದಲು ನೋಡಿ, ಸತ್ತವರು ಯಾರೆಂದು ತಿಳಿದುಕೊಂಡು, ಅವರು ಬರುವ ಪುಟಗಳನ್ನೆಲ್ಲ ಹಾರಿಸಿಬಿಡುವವನು. ಹೇಗೂ ಸಾಯುವವರ ಜೊತೆ ಗುರುತು ಬೆಳೆಸುವುದೇಕೆ?

ಒಂದು ದಿನ ತಡೆಯಲಾರದೆ ಅಂದೆ: "ರಾಯರ, ಈ ಎಣ್ಣಿ ಜಾಹೀರಾತು ಬಿಟ್ಟು ಮುಂದ ಹೋಗೋಣರಿ. ನಮ್ಮಿಬ್ಬರ ತಲ್ಯಾಗೂ ಕೂದಲಿಲ್ಲ."

ರಾಯರು ಪುಸ್ತಕ ಮುಚ್ಚಿದರು. ಒಳಗಿನಿಂದ ಪಾರ್ವತೀಬಾಯಿಯವರ ದನಿ ಬಂತು.

"ಅವರಿಗೆ 'ಬಿಡು' ಅನಬ್ಯಾಡಪಾ. ಒಮ್ಮೆ ಬಿಟ್ಟು ನೋಡ್ಯಾರ. ಹನ್ನೊಂದು ಹಾಳಿ ಬಿಟ್ರು, ಒಬ್ಬನ ಜೀವ ಹೋತು."

ಮುಂದಿನದನ್ನು ರಾಯರೇ ಹೇಳಿದರು. ಒಂದೇ ದಿನದಲ್ಲಿ ಅಲ್ಲ. ಸ್ವಲ್ಪ ಹೇಳುವುದು, ಎದ್ದು ತುಳಸಿಗೆ ನೀರು ಹಾಕಿ ಬರುವುದು, ಮತ್ತೆ ಸ್ವಲ್ಪ. ಆ ವಾರ ತುಳಸಿ ಕೊಳೆಯುವುದೊಂದು ಬಾಕಿಯಿತ್ತು.

ಫಸಲಿ 1322. ರಾಯರಿಗೆ ಮೂವತ್ತೆಂಟು ವರ್ಷ. ಕಲಬುರ್ಗಿಯ ಹತ್ತಿರದ ಕಮಲಾಪುರದಲ್ಲಿ ಊರಿನ ಲೆಕ್ಕ ಬರೆಯುವ ಪಟವಾರಿಯ ಕೈಕೆಳಗೆ ಕಾಗದಗಳ ನಕಲು ಬರೆಯುವ ಕೆಲಸ. ಅಕ್ಷರ ಮುತ್ತಿನಂಥದು, ಮಾತು ಮಾತ್ರ ಲೆಕ್ಕಕ್ಕಿಲ್ಲದ್ದು. ಚಾವಡಿಯಲ್ಲಿ ಅವರು ಏನಾದರೂ ಹೇಳಲು ಬಾಯಿ ತೆರೆದರೆ ಜನ ಆಕಳಿಸುತ್ತಾರೆಂದು ತಿಳಿದು ತಾವೂ ಆಕಳಿಸುತ್ತಿದ್ದರು. ಇಡೀ ಊರಿನಲ್ಲಿ ಅವರ ಮಾತು ಕೇಳುತ್ತಿದ್ದುದು ಮನೆಯ ಬೆಕ್ಕು ಒಂದೇ, ಅದೂ ಹಾಲಿನ ಹೊತ್ತಿಗೆ.

ಊರಿನಲ್ಲಿ ಇಬ್ಬರು ಗೌಡರು. ಕಂದಾಯದ ಕೆಲಸ ನೋಡುವ ಮಾಲಿಪಾಟೀಲ ಅಣವೀರಪ್ಪ, ಎಲ್ಲರ ಬಾಯಲ್ಲಿ ದೊಡ್ಡಗೌಡ. ಕಳವು, ಹೊಡೆದಾಟ, ಸಾವುನೋವು ನೋಡುವ ಪೊಲೀಸ್ ಪಾಟೀಲ ದೌಲಪ್ಪ, ಸಣ್ಣಗೌಡ. ಇಬ್ಬರೂ ಒಬ್ಬ ಅಜ್ಜನ ಮೊಮ್ಮಕ್ಕಳು. ಅಜ್ಜನ ವಾಡೆಯ ನಡುವೆ ಗೋಡೆ ಎದ್ದು ಇಪ್ಪತ್ತು ವರ್ಷವಾಗಿತ್ತು. ಒಲೆ, ಹೊಲ, ದೇವರು ಎಲ್ಲ ಪಾಲಾಗಿ ಪಾಲಾಗದೆ ಉಳಿದವು ಮೂರು. ವಾಡೆಯ ಮುಂದಿನ ಪಡಸಾಲೆ, ತೋಟದ ಬಾವಿ, ಬಾವಿಯ ಮೇಲಿನ ಮರೆಪ್ಪ.

ಮರೆಪ್ಪ ಕಪಿಲೆ ಹೊಡೆಯುವವನು. ಎತ್ತಿನ ಜೋಡಿ ಇಳಿಜಾರಿನಲ್ಲಿ ಕೆಳಗಿಳಿದಾಗ ತೊಗಲಿನ ಚೀಲ ಬಾವಿಯಿಂದ ಮೇಲೆ ಬಂದು ತೊಟ್ಟಿಗೆ ನೀರು ಸುರಿಯಬೇಕು. ಅಲ್ಲಿಂದ ಎಡಗಾಲುವೆ ದೊಡ್ಡಗೌಡರ ತೋಟಕ್ಕೆ, ಬಲಗಾಲುವೆ ಸಣ್ಣಗೌಡರ ತೋಟಕ್ಕೆ. ಎರಡರಲ್ಲೂ ಕೆಂಪು ಬಾಳೆ. ಕಮಲಾಪುರದ ಕೆಂಪು ಬಾಳೆಗೆ ಹೈದರಾಬಾದಿನ ದೊಡ್ಡವರ ಮನೆಗಳಲ್ಲಿ ಇರುವ ಮರ್ಯಾದೆ ಕಮಲಾಪುರದ ಮನುಷ್ಯರಿಗೆ ಎಂದೂ ಸಿಕ್ಕಿಲ್ಲ. ದಿನ ಬಿಟ್ಟು ದಿನ ಪಾಳಿ. ಇವತ್ತು ಎಡ, ನಾಳೆ ಬಲ. ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲವಾದ್ದರಿಂದ, ಅಂದು ಯಾರ ಪಾಳಿಯೋ ಅವರಿಗೆ ಮರುದಿನ ನೀರು. ಅಜ್ಜನ ಕಾಲದಿಂದ ಬಂದ ರೀತಿ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡಬೇಕೆಂದು ಯಾರಿಗೂ ತೋರಿರಲಿಲ್ಲ.

ಮಾಘ ಮಾಸದಲ್ಲಿ ಪಡಸಾಲೆಯಲ್ಲಿ ಒಂದು ತಿಂಗಳು ಪುರಾಣ, ಶಿವರಾತ್ರಿಯ ದಿನ ಮಂಗಲ. ಆ ವರ್ಷ ಪುರಾಣ ಹೇಳುವ ಅಯ್ಯನವರಿಗೆ ಚಳಿಜ್ವರ. ಬೇರೆ ಅಯ್ಯನನ್ನು ಯಾರು ಕರೆಸಬೇಕೆಂದು ಗೌಡರಿಬ್ಬರಿಗೂ ಮಾತು ಬೆಳೆಯಿತು. ಒಬ್ಬರು ಕರೆಸಿದವರನ್ನು ಇನ್ನೊಬ್ಬರು ಕೇಳುವುದಿಲ್ಲ. ಆಗ ಯಾರೋ ಮುಕುಂದರಾಯರ ಹೆಸರು ತೆಗೆದರು. ಅವರು ಯಾರ ಕಡೆಯವರೂ ಅಲ್ಲ. ನಿಜವೆಂದರೆ, ಅವರನ್ನು ತಮ್ಮ ಕಡೆಗೆ ಸೇರಿಸಿಕೊಳ್ಳಲು ಯಾರಿಗೂ ಮನಸ್ಸಾಗಿರಲಿಲ್ಲ.

ರಾಯರ ಮನೆಯಲ್ಲಿ ಇದ್ದದ್ದು ಒಂದೇ ದಪ್ಪ ಪುಸ್ತಕ. ದೀಪಾವಳಿಗೆ ಸೊಲ್ಲಾಪುರದ ಮಾವ ಕೊಟ್ಟ ಹಳೆಯ ಮರಾಠಿ ಕಾದಂಬರಿ. ಮನೆಮಾತು ಎರಡೂ ಆದ್ದರಿಂದ ಕಣ್ಣಿನಲ್ಲಿ ಮರಾಠಿ ಓದುತ್ತ ಬಾಯಲ್ಲಿ ಕನ್ನಡ ಹೇಳುವುದು ರಾಯರಿಗೆ ಸಲೀಸು. ಆದರೂ ಅವರು ಕೈಮುಗಿದು ಹೇಳಿದರು: "ಗೌಡ್ರ, ಇದು ಪುರಾಣಲ್ಲರಿ, ಕಾದಂಬರಿ."

"ಕಾದಂಬರಿ ಅಂದ್ರ ಯಾವ ದೇವ್ರು?" ಎಂದರು ಅಣವೀರಪ್ಪ.

"ದೇವರಲ್ಲರಿ. ಒಂದು ಕಿಲ್ಲೇದಾಗ ಇಬ್ಬರು ಅಣ್ಣತಮ್ಮರ ಜಗಳ."

"ಪುರಾಣದಾಗ ಮತ್ತೇನಿರತದ?" ಎಂದರು ದೌಲಪ್ಪ. ಇಪ್ಪತ್ತು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಪುಸ್ತಕವನ್ನು ಮಣೆಯ ಮೇಲಿಟ್ಟು ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆದರು. ಸೊಲ್ಲಾಪುರದ ಮಾವ ಕಂಡಿದ್ದರೆ ಪುಸ್ತಕ ಹಿಂದಕ್ಕೆ ಕೇಳುತ್ತಿದ್ದರು. ಕಾಯಿ ಒಡೆದ ಮೇಲೆ ನೇಮ ಶುರು. ಪೂಜೆಯಾದ ಪುಸ್ತಕವನ್ನು ಅರ್ಧಕ್ಕೆ ನಿಲ್ಲಿಸಬಾರದು, ನಡುವೆ ಹಾಳೆ ಬಿಡಬಾರದು, ಬಿಟ್ಟರೆ ಕೇಳಿದವರಿಗೆ ಕೇಡು. ರಾಯರು ಒಳಗೇ ನಕ್ಕರಂತೆ. ಕೂದಲೆಣ್ಣೆಯ ಜಾಹೀರಾತಿಗೂ ಕುಂಕುಮ ಬಿದ್ದಿತ್ತು.

ಕಥೆ ಸರಳ. ಕೋಟೆಯ ದೊರೆ ಸತ್ತಿದ್ದಾನೆ. ಅಣ್ಣನಿಗೆ ಪಟ್ಟ, ತಮ್ಮನಿಗೆ ದಂಡು. ಅಣ್ಣನಿಗೆ ದಂಡೂ ಬೇಕು, ತಮ್ಮನಿಗೆ ಪಟ್ಟವೂ ಬೇಕು. ಪುಸ್ತಕ ಬರೆದವನು ಇಬ್ಬರಲ್ಲಿ ಯಾರನ್ನೂ ಒಳ್ಳೆಯವನನ್ನಾಗಿ ಬರೆದಿರಲಿಲ್ಲ. ಮೇಲೆ ಜರತಾರಿ, ಒಳಗೆ ತೋಳ. ಆದರೆ ಪಡಸಾಲೆಯ ಎಡಕ್ಕೆ ಲೋಡಿಗೆ ಒರಗಿದ ದೊಡ್ಡಗೌಡರಿಗೆ ಕಥೆಯ ಅಣ್ಣ ತಾವೇ ಎಂದು ಎರಡನೆಯ ದಿನವೇ ಖಾತ್ರಿಯಾಯಿತು. ಬಲಕ್ಕೆ ಕೂತ ಸಣ್ಣಗೌಡರಿಗೆ ತಮ್ಮ ತಾವೇ ಎಂದು ಮೂರನೆಯ ದಿನ. ನಾಲ್ಕನೆಯ ದಿನ ದೊಡ್ಡಗೌಡರ ಆಳು ರಾಯರ ಮನೆಗೆ ಒಂದು ಗೊನೆ ಕೆಂಪು ಬಾಳೆ ತಂದಿಟ್ಟು, "ನಾಳಿ ಅಣ್ಣಂದು ಸ್ವಲ್ಪ ಚಲೋ ಬರಲೆಂದಾರ" ಎಂದು ಹೋದ. ಐದನೆಯ ದಿನ ಸಣ್ಣಗೌಡರ ಗೊನೆ ಬಂತು.

ರಾಯರು ಕಥೆಯನ್ನು ಸ್ವಲ್ಪ ಬಾಗಿಸಿದರು. ಮರಾಠಿ ಬಲ್ಲವರು ಪಡಸಾಲೆಯಲ್ಲಿ ಮತ್ತೊಬ್ಬರಿರಲಿಲ್ಲ. ಪುಸ್ತಕದಲ್ಲಿ ಅಣ್ಣ ವಿಷ ಹಾಕಿದ್ದರೆ ರಾಯರ ಬಾಯಲ್ಲಿ ಅಡುಗೆಯವನು ಹಾಕಿದ. ಮರುದಿನ ತಮ್ಮನಿಗೆ ಪುಸ್ತಕದಲ್ಲಿಲ್ಲದ ಒಂದು ಶೌರ್ಯ. ಮನೆಯ ತೊಲೆಗೆ ಎರಡು ಗೊನೆ ತೂಗುತ್ತಿದ್ದವು. ಪಾರ್ವತೀಬಾಯಿ ದಿನಾ ಬೆಳಿಗ್ಗೆ ಅವನ್ನು ಒತ್ತಿ ನೋಡಿ ಹೇಳುತ್ತಿದ್ದರು:

"ಎಡಗಡೇದು ಹಣ್ಣಾಗೇದರಿ. ಇವತ್ತ ಅಣ್ಣ ಗೆಲ್ಲತಾನೇನು?"

"ನೀ ಸುಮ್ನ ಕೂಡು."

"ನಾ ಕೂಡ್ತೀನಿ. ನಿಮಗೇ ನಿಲ್ಲಲಿಕ್ಕೆ ಬರಂಗಿಲ್ಲ. ಮಂದಿ ಮುಂದ ಓದಿ ಬಂದ ದಿನ ನಿಮ್ಮ ನಡಗೀನೇ ಬ್ಯಾರೆ ಅದ. ನಿನ್ನೆ ಬೆಕ್ಕಿಗೆ ಒದ್ದೀರಿ."

ಅದು ನಿಜ, ಎಂದರು ರಾಯರು ನನಗೆ. ಮೂವತ್ತೆಂಟು ವರ್ಷ ಆಕಳಿಕೆ ಕಂಡವರಿಗೆ ಈಗ ಅರವತ್ತು ಜನರ ಕಣ್ಣು. ಅವರು ದನಿ ಏರಿಸಿದರೆ ಎಡಗಡೆಯವರ ಮುಷ್ಟಿ ಬಿಗಿಯುತ್ತಿತ್ತು, ಇಳಿಸಿದರೆ ಬಲಗಡೆಯವರು ಹಲ್ಲು ಕಡಿಯುತ್ತಿದ್ದರು. ಊರನ್ನು ಆಳುವ ಇಬ್ಬರು ಮೀಸೆಯವರು ಒಬ್ಬ ನಕಲು ಗುಮಾಸ್ತನ ತುಟಿ ನೋಡುತ್ತ ಕೂತಿದ್ದರು.

"ನನ್ನೊಳಗ ಏನೋ ಒಂದು ಎದ್ದು ಮೈ ನೆಕ್ಕಿಕೊಳ್ತು," ಎಂದರು. "ಹುಲಿ ಅಂತ ದೊಡ್ಡ ಹೆಸರು ಬ್ಯಾಡ. ನಮ್ಮನೀ ಬೆಕ್ಕಿನಷ್ಟೇ ಇದ್ದೀತು. ಆದ್ರ ಅದಕ್ಕ ರುಚಿ ಹತ್ತಿತ್ತು."

ಮರೆಪ್ಪನೂ ದಿನಾ ಬರುತ್ತಿದ್ದ. ಅವನಿಗೆ ಪಡಸಾಲೆ ಏರುವ ಹಕ್ಕಿಲ್ಲ. ಕೆಳಗೆ ಅಂಗಳದಲ್ಲಿ, ರಾಯರ ಎದುರಿಗೇ ಕೂರುತ್ತಿದ್ದ. ಅವನ ಕಣ್ಣು ಸರಿಯಾಗಿ ಪುಸ್ತಕದ ಮಟ್ಟಕ್ಕೆ ಬರುತ್ತಿತ್ತು. ಕಥೆಯಲ್ಲಿ ಕತ್ತಿ ಏಳಲಿ, ರಾಣಿ ಅಳಲಿ, ಅವನದು ಒಂದೇ ಪ್ರಶ್ನೆ.

"ರಾಯರ, ಆ ಕಿಲ್ಲೇದಾಗ ನೀರು ಯಾರು ಎತ್ತತಿದ್ರು ರೀ?"

ಪಡಸಾಲೆ ನಗುತ್ತಿತ್ತು. "ಮಗನ, ರಾಣಿ ಸೆರೆಮನ್ಯಾಗ ಬಿದ್ದಾಳ, ನಿನಗ ನೀರಿಂದು ಹತ್ತೇದ," ಎನ್ನುತ್ತಿದ್ದರು ದೌಲಪ್ಪ.

"ಹಂಗಲ್ಲರಿ ಗೌಡ್ರ. ಅಷ್ಟು ಕುದುರಿ, ಅಷ್ಟು ಆನಿ. ಯಾರರ ಎತ್ತೇ ಎತ್ತಿರಬೇಕಲ್ಲ."

ಎತ್ತಿದವನು ಇದ್ದ. ಪುಸ್ತಕದ ನಡುವೆ ಹನ್ನೊಂದು ಹಾಳೆ ಅವನದೇ. ಕೋಟೆಗೆ ಒಂದೇ ಕೊಳ, ತೊಗಲಿನ ಚೀಲದಲ್ಲಿ ನೀರು ಹೊರುವವನು ಒಬ್ಬ ಪಖಾಲಿ. ತಮ್ಮನಿಗೆ ನೀರು ಕೊಡಬೇಡ ಎಂದು ಅಣ್ಣನ ಅಪ್ಪಣೆ, ಅಣ್ಣನಿಗೆ ಕೊಡಬೇಡ ಎಂದು ತಮ್ಮನ ಅಪ್ಪಣೆ. ಅವನು ಇಬ್ಬರಿಗೂ ಕೊಟ್ಟ. ಕೋಟೆಯ ಕಳ್ಳಬಾಗಿಲು ಅವನಿಗೆ ಗೊತ್ತಿತ್ತು, ಓಡಿಹೋಗಬಹುದಿತ್ತು, ಓಡಲಿಲ್ಲ. ಒಂದು ದಿನ ಕೊಳದ ದಂಡೆಯಲ್ಲಿ ಎರಡೂ ಕಡೆಯವರು ಎದುರಾದರು. ಇವನು ನಿನ್ನವನು ಎಂದು ಅಣ್ಣ, ಅಲ್ಲ ನಿನ್ನವನು ಎಂದು ತಮ್ಮ. ಇಬ್ಬರೂ ಸೇರಿ ಅವನನ್ನು ಕೊಂದರು. ಕೊಂದ ಮೇಲೆ ಸಿಟ್ಟು ಇಳಿಯಿತು. ಅದೇ ದಂಡೆಯಲ್ಲಿ ಕೂತು ಅಣ್ಣತಮ್ಮಂದಿರು ಕೈ ತೊಳೆದುಕೊಂಡು ಒಂದೇ ತಟ್ಟೆಯಲ್ಲಿ ಉಂಡರು. ಇಡೀ ಪುಸ್ತಕವೇ ಆ ಹನ್ನೊಂದು ಹಾಳೆಗಾಗಿ ಬರೆದದ್ದು ಎಂದು ರಾಯರಿಗೆ ಮನೆಯಲ್ಲಿ ಒಬ್ಬರೇ ಓದಿದಾಗ ಅನಿಸಿತ್ತು.

ಹತ್ತೊಂಬತ್ತನೆಯ ದಿನ ಆ ಹಾಳೆಗಳು ಬಂದವು. ಅದನ್ನು ಹೇಗೆ ಬಾಗಿಸಿದರೂ ಇಬ್ಬರು ಗೌಡರ ಮುಖಕ್ಕೂ ಮಸಿ. ಎರಡೂ ಗೊನೆ ನಿಲ್ಲುತ್ತವೆ. ಅದಕ್ಕಿಂತ, ಪಡಸಾಲೆಯವರಿಗೆ ನೀರು ಹೊರುವವನ ಕಥೆ ಯಾತಕ್ಕೆ? ಆಕಳಿಸಿಬಿಟ್ಟರೆ? ರಾಯರು ಹೆಬ್ಬೆರಳು ಒಳಗೆ ತೂರಿಸಿ ಹನ್ನೊಂದು ಹಾಳೆಯನ್ನು ಒಂದೇ ಸಲಕ್ಕೆ ಮಗುಚಿದರು.

"ರಾಯರ," ಎಂದ ಮರೆಪ್ಪ ಕೆಳಗಿನಿಂದ, "ಹಾಳಿ ಭಾಳ ಒಮ್ಮೆಲೇ ಹೊಳ್ಳಿಸಿದ್ರಿ?"

ಅರವತ್ತು ತಲೆಗಳು ಪುಸ್ತಕದತ್ತ ತಿರುಗಿದವು. ರಾಯರು ಅಂಗೈಯಿಂದ ಹಾಳೆ ಒತ್ತಿ ಹಿಡಿದರು.

"ಅದರಾಗ ಬರೇ ಕಿಲ್ಲೇದ ವರ್ಣನಾ ಅದ ಮರೆಪ್ಪ. ಕಲ್ಲು, ಮಣ್ಣು. ಎಲ್ಲಾ ಕೂಡಿ ಒಂದೇ ಮಾತಿನಾಗ ಹೇಳ್ತೀನಿ. ಕಿಲ್ಲೇ ಭಾಳ ಗಟ್ಟಿ ಇತ್ತು."

"ನೀ ಎತ್ತಿನ ಹೆಜ್ಜಿ ಎಣಸಲೇ, ಪುರಾಣದ ಹಾಳಿ ಎಣಸಬ್ಯಾಡ," ಎಂದರು ಅಣವೀರಪ್ಪ. ಮತ್ತೆ ನಗೆ. ಮರೆಪ್ಪನೂ ನಕ್ಕ.

ಆ ನಗೆಯೇ ರಾಯರಿಗೆ ಚುಚ್ಚಿತಂತೆ. ಕೆಳಗೆ ಕೂತವನು ತಮ್ಮ ಕಳವು ಕಂಡಿದ್ದಾನೆ. ಅಂದಿನಿಂದ ಅವರಿಗೆ ಕಥೆಯನ್ನು ಬಾಗಿಸಿದರೆ ಸಾಲದಾಯಿತು, ಮುರಿಯಬೇಕೆನಿಸಿತು. ಇಪ್ಪತ್ತಮೂರನೆಯ ದಿನ ಅಣ್ಣನ ಬಾಯಿಗೆ ಪುಸ್ತಕದಲ್ಲಿಲ್ಲದ ಒಂದು ಮಾತು ಹಾಕಿದರು: "ತಪ್ಪಿದ ಪಾಳಿ ತಪ್ಪಿದ್ದೇ. ಹೋದ ದಿನ ಕೇಳಾಂವ ಗಂಡಸಲ್ಲ." ಅಮಾವಾಸ್ಯೆಗೆ ಒಂದು ವಾರವಿತ್ತು. ಆ ದಿನದ ಪಾಳಿ ಸಣ್ಣಗೌಡರದು, ಈ ಮಾತು ನಿಂತರೆ ಮರುದಿನದ ನೀರು ದೊಡ್ಡಗೌಡರ ಪಾಲಾಗುತ್ತದೆ ಎಂಬುದು ರಾಯರಿಗೆ ಗೊತ್ತಿತ್ತು.

"ಯಾಕ ಹೇಳಿದ್ರಿ ರಾಯರ ಆ ಮಾತು?" ಎಂದು ಕೇಳಿದೆ.

"ಏನಾಗತದ ನೋಡೋಣ ಅಂತ," ಎಂದರು. ಎದ್ದು ತುಳಸಿಯ ಕಡೆ ಹೋದರು.

ಆ ಮಾತಿಗೆ ಪಡಸಾಲೆಯ ಎಡಗಡೆ ಒಂದು ಹುಂಕಾರ ಎದ್ದಿತು. ಬಲಗಡೆ ದೌಲಪ್ಪನವರು ಎಲೆಯಡಿಕೆಯ ಪೀಕನ್ನು ಪಡಸಾಲೆಯ ಮೇಲೆಯೇ ಉಗುಳಿದರು. ಅಂದೇ ಮರೆಪ್ಪನಿಗೆ ಎರಡು ಮನೆಯಿಂದಲೂ ಕರೆ ಬಂತು.

ಶಿವರಾತ್ರಿಯ ಹಿಂದಿನ ಬೆಳಿಗ್ಗೆ ಅವನು ರಾಯರ ಮನೆಯ ಮುಂದೆ ಬಂದು ನಿಂತ. ಪಾರ್ವತೀಬಾಯಿ ಮುಟ್ಟದಂತೆ ಮೇಲಿನಿಂದ ಎರಡು ಬಾಳೆಹಣ್ಣು ಅವನ ಕೈಗೆ ಹಾಕಿದರು. ಅವನು ಹಣ್ಣನ್ನು ತಿರುಗಿಸಿ ನೋಡಿದ.

"ಇದು ಬಲಗಾಲಿವಿದು ರೀ ಅವ್ವಾರ. ನಾನೇ ಕುಡಿಸಿದ್ದು." ಆಮೇಲೆ ರಾಯರ ಕಡೆ ತಿರುಗಿದ. "ರಾಯರ, ಅಮಾಸಿ ಮರುದಿನ ನೀರು ನನ್ನ ತ್ವಾಟಕ್ಕ ಬಿಡಲಿಲ್ಲಂದ್ರ ಕಾಲು ಮುರೀತೀನಿ ಅಂದಾರ ದೊಡ್ಡಗೌಡ್ರು. ನನ್ನ ತ್ವಾಟಕ್ಕ ಬಿಡಲಿಲ್ಲಂದ್ರ ಕೈ ಮುರೀತೀನಿ ಅಂದಾರ ಸಣ್ಣಗೌಡ್ರು. ಕೈಕಾಲು ಎರಡೂ ಹ್ವಾದ್ರ ಕಪಲಿ ಯಾತರಿಂದ ಹೊಡೀಲಿ?"

"ಅದಕ್ಕ ನಾ ಏನು ಮಾಡ್ಲಿ ಮರೆಪ್ಪ?"

"ನನ್ನ ಹೇಣ್ತಿ ಅಂಬಮ್ಮನ ಅಣ್ಣ ಕಲಬುರ್ಗಿ ಗಿರಣ್ಯಾಗ ಇದ್ದಾನ. ಬಾ ಅಂತ ಕರ್ಯಾಕತ್ತಾನ. ಅಂಬಮ್ಮ ಗಂಟು ಕಟ್ಟೇ ಇಟ್ಟಾಳ. ನನಗ ಎತ್ತು ಬಿಟ್ಟು ಹೋಗಾಕ ಮನಸಾಗವಲ್ದು. ಅದಕ್ಕ ನಿಮ್ಮನ್ನ ಕೇಳಾಕ ಬಂದೀನಿ. ಆ ಕಿಲ್ಲೇದಾಗ ನೀರು ಹೊರಾಂವ ಇದ್ದೇ ಇರಬೇಕು. ಅಂವ ಏನು ಮಾಡಿದಾ? ಓಡಿ ಹ್ವಾದ್ನೋ, ನಿಂತ್ನೋ? ನಿಂತು ಏನಾದಾ? ಪೂಜಿ ಆದ ಪುಸ್ತಕ ಸುಳ್ಳು ಹೇಳಂಗಿಲ್ಲ. ಅದರಾಗ ಇದ್ದಂಗ ನಾ ಮಾಡ್ತೀನಿ."

ನಿಂತ, ಸತ್ತ. ಎರಡು ಮಾತು. ಹೇಳಿದ್ದರೆ ಸಂಜೆಯೊಳಗೆ ಗಂಡಹೆಂಡತಿ ಕಲಬುರ್ಗಿಯ ದಾರಿಯಲ್ಲಿರುತ್ತಿದ್ದರು. ಆದರೆ ಹೇಳಿದರೆ ಹಾಳೆ ಬಿಟ್ಟದ್ದನ್ನು ಒಪ್ಪಿದಂತೆ. ಪೂಜೆಯಾದ ಪುಸ್ತಕದಲ್ಲಿ ಹಾಳೆ ಬಿಟ್ಟವನನ್ನು ನಾಳೆ ಮಂಗಲಕ್ಕೆ ಮಣೆಯ ಮೇಲೆ ಯಾರು ಕೂರಿಸುತ್ತಾರೆ? ಅರವತ್ತು ಜನರ ಕಣ್ಣು ಒಂದೇ ದಿನ ಉಳಿದಿತ್ತು.

"ಪುಸ್ತಕದಾಗ ಅಂಥಾಂವ ಯಾರೂ ಇಲ್ಲ," ಎಂದರು ರಾಯರು.

"ಇಲ್ಲಾ?"

"ಇಲ್ಲ."

ಮರೆಪ್ಪ ತಲೆಯ ವಸ್ತ್ರ ಬಿಚ್ಚಿದ. "ಹಂಗಾದ್ರ ಅವರು ನೀರು ಹ್ಯಾಂಗ ಕುಡೀತಿದ್ರು ರಾಯರ?" ಎಂದು ನಕ್ಕ. ಹಣ್ಣನ್ನು ಅದರಲ್ಲಿ ಸುತ್ತಿಕೊಂಡು ಹೋದ. ಗಂಟು ಬಿಚ್ಚಲು ಹೆಂಡತಿಗೆ ಹೇಳಿದನೆಂದು ಆಮೇಲೆ ತಿಳಿಯಿತು.

ಶಿವರಾತ್ರಿಯ ಇಳಿಹೊತ್ತು ಮಂಗಲ. ಅಣ್ಣನೇ ಗೆಲ್ಲುತ್ತಾನೆಂದು ದೊಡ್ಡಗೌಡರಿಗೆ ಮಾತು ಕೊಟ್ಟಾಗಿತ್ತು, ತಮ್ಮನೇ ಎಂದು ಸಣ್ಣಗೌಡರಿಗೆ. ಉಪವಾಸದ ಹೊಟ್ಟೆಗಳು ಎರಡು ಸಾಲಾಗಿ ಕೂತಿದ್ದವು. ಆಗಲೂ ಹನ್ನೊಂದು ಹಾಳೆ ಕೈಯಲ್ಲೇ ಇತ್ತು, ಮರೆಪ್ಪ ಎದುರಿಗೇ ಇದ್ದ. ರಾಯರು ಹಿಂದಕ್ಕೆ ಮಗುಚಲಿಲ್ಲ. ಕೋಟೆಯ ಅಂಗಳದಲ್ಲಿ ಅಣ್ಣತಮ್ಮಂದಿರನ್ನು ಎದುರುಬದುರು ನಿಲ್ಲಿಸಿ, ಇಬ್ಬರ ಕೈಯಲ್ಲೂ ಕತ್ತಿ ಹಿರಿಸಿ, "ಯಾರ ರಟ್ಟಿ ಗಟ್ಟಿ ಅವರದೇ ನೀರು" ಎಂದು ತಾವೇ ಕಟ್ಟಿದ ಸಾಲು ಹೇಳಿ ಪುಸ್ತಕ ಮುಚ್ಚಿಬಿಟ್ಟರು. ಗೆದ್ದವರು ಯಾರೆಂದು ಹೇಳಲೇ ಇಲ್ಲ. ಆರತಿ ತಣ್ಣಗಾಯಿತು. ಗೌಡರಿಬ್ಬರೂ ಪ್ರಸಾದ ಮುಟ್ಟದೆ ಎದ್ದರು. ಒಬ್ಬರು ಎಡಬಾಗಿಲು, ಒಬ್ಬರು ಬಲಬಾಗಿಲು.

ಅಮಾವಾಸ್ಯೆಯ ದಿನ ಎತ್ತು ಮೇದವು. ಮರುದಿನ ಬೆಳಿಗ್ಗೆ ಊರೆಲ್ಲ ಬಾವಿಯ ಕಡೆ ನಡೆಯಿತು. ರಾಯರೂ ಹೋದರು. ಜಗಳ ಬಿಡಿಸಲು ಹೋಗಿದ್ದಿರೇನು ಎಂದು ಅವರಿಗೆ ಸುಲಭವಾಗಲೆಂದು ಕೇಳಿದೆ. "ಇಲ್ಲಪಾ," ಎಂದರು. "ಯಾರು ಗೆಲ್ಲತಾರ ನೋಡಲಿಕ್ಕೆ."

ಮರೆಪ್ಪ ಎತ್ತು ಹೂಡಿಕೊಂಡು ಇಳಿಜಾರಿನ ತಲೆಯಲ್ಲಿ ನಿಂತಿದ್ದ. ಎಡಕ್ಕೆ ಅಣವೀರಪ್ಪ, ನಾಲ್ಕು ಜನ. ಬಲಕ್ಕೆ ದೌಲಪ್ಪ, ನಾಲ್ಕು ಜನ.

"ಎಡಕ್ಕ ಬಿಡು."

"ಬಿಟ್ಟೀ ಹುಷಾರ್! ಬಲಕ್ಕ."

"ಗೌಡ್ರ, ನಿಮ್ಮ ಕಾಲು ಬೀಳ್ತೀನಿ," ಎಂದ ಮರೆಪ್ಪ. "ಮಧ್ಯಾಹ್ನತನಾ ಅಲ್ಲಿಗಿ, ಸಂಜಿತನಾ ಇಲ್ಲಿಗಿ. ನೀರಿಗಿ ಅಣ್ಣ ಯಾರು, ತಮ್ಮ ಯಾರು?"

"ನೋಡ್ರೋ, ಇಂವ ಅವರ ಕಡಿಯಾಂವ," ಎಂದರು ಅಣವೀರಪ್ಪ.

"ನನ್ನ ಕಡಿಯಾಂವ ಆಗಿದ್ರ ಬಲಕ್ಕ ಬಿಡತಿದ್ದ. ಇಂವ ನಿಮ್ಮ ನಾಯಿ," ಎಂದರು ದೌಲಪ್ಪ.

ಮರೆಪ್ಪನ ಕಣ್ಣು ಗುಂಪಿನಲ್ಲಿ ರಾಯರನ್ನು ಹಿಡಿಯಿತು. ಮುಖ ಅರಳಿತು. "ಅಲ್ಲಿ ರಾಯರು ಬಂದಾರ. ಅವರನ್ನೇ ಕೇಳ್ರಿ. ಪುರಾಣ ಓದಿದವರು ಅವರೇ. ಹೇಳ್ರಿ ರಾಯರ, ನನ್ನಂಥಾಂವನ್ನ ಏನು ಮಾಡಬೇಕಂತ ಅದ ಪುಸ್ತಕದಾಗ?"

ಎಲ್ಲರೂ ತಿರುಗಿ ನೋಡಿದರು. ಗೌಡರಿಬ್ಬರೂ ನೋಡಿದರು. ಪುಸ್ತಕವಿಲ್ಲದೆ, ಮಣೆಯಿಲ್ಲದೆ ರಾಯರಿಗೆ ಮತ್ತೆ ಆ ಹಳೆಯ ನಾಲಿಗೆ ಬಂದಿತ್ತು. ಬಾಯಿ ತೆರೆದರು. ಯಾರೋ ಆಕಳಿಸಿದಂತಾಯಿತು. ಬಾಯಿ ಮುಚ್ಚಿದರು.

ಮೊದಲ ಏಟು ಯಾರದೆಂದು ರಾಯರು ನನಗೆ ಹೇಳಲಿಲ್ಲ. ಎರಡನೆಯದು ಇನ್ನೊಂದು ಕಡೆಯಿಂದ ಬಂತು ಎಂದಷ್ಟೇ ಹೇಳಿದರು. ಆಮೇಲೆ ಎಂಟೂ ಜನರ ಬಡಿಗೆ ಒಂದೇ ಕಡೆ ಬೀಳುತ್ತಿದ್ದವು. ಅಷ್ಟು ವರ್ಷದಲ್ಲಿ ಆ ಎರಡು ಮನೆಯವರು ಒಟ್ಟಾಗಿ ಮಾಡಿದ ಕೆಲಸ ಅದೊಂದೇ. ಹೆದರಿದ ಎತ್ತುಗಳು ತಾವೇ ಇಳಿಜಾರಿನಲ್ಲಿ ಇಳಿದವು. ಚೀಲ ಮೇಲೆ ಬಂದು ತೊಟ್ಟಿ ತುಂಬಿತು. ತಿರುಗಿಸುವವರಿಲ್ಲದೆ ನೀರು ಎಡಕ್ಕೂ ಹರಿಯಿತು, ಬಲಕ್ಕೂ ಹರಿಯಿತು.

ಸಾವುನೋವಿನ ಪಂಚನಾಮೆ ಬರೆಸುವುದು ಪೊಲೀಸ್ ಪಾಟೀಲನ ಕೆಲಸ. ದೌಲಪ್ಪ ಹೇಳಿದರು, ಅಣವೀರಪ್ಪ ನಡುನಡುವೆ ತಿದ್ದಿದರು. ಹಗ್ಗ ಹರಿದು, ಕಾಲು ಜಾರಿ, ಕಲ್ಲಿನ ಮೇಲೆ ಬಿದ್ದು ಮರೆಪ್ಪ ಎಂಬ ಆಳು ಮೃತನಾದ. ಚಂದದ ಅಕ್ಷರ ಬೇಕೆಂದು ರಾಯರನ್ನು ಕರೆಸಿದರು. ಬಾವಿಯ ಕಟ್ಟೆಯ ಮೇಲೆ ಕೂತು ಬರೆದರು. ಒಂದು ಚಿತ್ತುಕಾಟೂ ಇರಲಿಲ್ಲವಂತೆ. ಕಾಗದ ಕಲಬುರ್ಗಿಗೆ ಹೋಯಿತು, ಯಾರೂ ಮರಳಿ ಕೇಳಲಿಲ್ಲ. ಅವರು ಬರೆದು ಮುಗಿಸಿ ತಲೆ ಎತ್ತಿದಾಗ ಗೌಡರಿಬ್ಬರೂ ತೊಟ್ಟಿಯಲ್ಲಿ ಕೈ ತೊಳೆಯುತ್ತಿದ್ದರು. ಒಬ್ಬರ ಕೈಗೆ ಒಬ್ಬರು ನೀರು ಹಾಕುತ್ತಿದ್ದರು.

"ಅಣ್ಣಾ, ಇವತ್ತಿನ ನೀರು ನೀನೇ ತಗೋ."

"ಇರಲಿ ಬಿಡೋ, ನಿಂದೇ ಪಾಳಿ ಇತ್ತಲ್ಲ."

ವಾರದೊಳಗೆ ಗೋಡೆಯಲ್ಲೊಂದು ಬಾಗಿಲು ಒಡೆದರು. ಬಾಗಿಲ ಪೂಜೆಗೆ ರಾಯರನ್ನು ಕರೆದು, ಮುಂದಿನ ಮಾಘಕ್ಕೂ ಅಂಥದ್ದೇ ಒಂದು ಪುರಾಣ ತರಬೇಕೆಂದರು. "ಭಾಳ ಪುಣ್ಯದ್ದು ರಾಯರ. ಇಪ್ಪತ್ತು ವರ್ಷದ ಜಗಳ ಮುಗೀತು ನೋಡ್ರಿ." ಎರಡೂ ಮನೆಯ ಹೆಸರಿನಲ್ಲಿ ಒಂದೇ ದೊಡ್ಡ ಗೊನೆ ಮನೆಗೆ ಬಂತು. ಪಾರ್ವತೀಬಾಯಿ ಅದನ್ನು ಮುಟ್ಟಲಿಲ್ಲ. ತೊಲೆಯಲ್ಲೇ ಕಪ್ಪಾಗಿ ಒಂದೊಂದೇ ಹಣ್ಣು ಕಳಚಿ ಬಿದ್ದವು. ಯುಗಾದಿಯ ಹೊತ್ತಿಗೆ ರಾಯರು ಕಮಲಾಪುರ ಬಿಟ್ಟು ಗಾಜಿಪುರಕ್ಕೆ ಬಂದರು. ನಾನು ಅಲ್ಲಿದ್ದ ಎರಡು ವರ್ಷದಲ್ಲಿ ಆ ಮನೆಯಲ್ಲಿ ಬಾಳೆಹಣ್ಣು ಕಂಡದ್ದಿಲ್ಲ. ಸತ್ಯನಾರಾಯಣ ಪೂಜೆಯನ್ನೂ ಅವರು ಪೇರಲ ಹಣ್ಣಿನಲ್ಲೇ ತೀರಿಸುತ್ತಿದ್ದರು. ಜಿಪುಣತನವೆಂದು ನಾನು ಓಣಿಯಲ್ಲೆಲ್ಲ ನಗೆಯಾಡಿದ್ದೆ.

ಇಷ್ಟು ಕೇಳಿ ನಾನು ಸುಮ್ಮನಿರಬೇಕಿತ್ತು. ನನ್ನಂಥ ಹಾಸ್ಯ ಬರೆಯುವವನಿಗೆ ಮೌನ ಸಹಿಸುವ ಶಕ್ತಿ ಕಡಿಮೆ. "ಆಮೇಲೆ ಆ ಹಾಳೆ ಯಾರಿಗೂ ಓದಿ ಹೇಳಲೇ ಇಲ್ಲೇನ್ರಿ?" ಎಂದೆ.

ಓದಿದ್ದರು. ಆರು ತಿಂಗಳ ಮೇಲೆ. ಅಂಬಮ್ಮ ಅಣ್ಣನ ಹತ್ತಿರ ಬಂದು ಗಿರಣಿಯಲ್ಲಿ ಹತ್ತಿ ಆರಿಸುವ ಕೆಲಸಕ್ಕೆ ಸೇರಿದ್ದಾಳೆಂದು ತಿಳಿದು, ಒಂದು ಬೆಳಿಗ್ಗೆ ಪುಸ್ತಕ ಹಿಡಿದು ಅವಳ ಗುಡಿಸಲಿಗೆ ಹೋದರು. ಅವಳು ಬುತ್ತಿ ಕಟ್ಟುತ್ತಿದ್ದಳು. ಇವರು ಬಾಗಿಲ ಹೊರಗೆ ನೆಲದ ಮೇಲೆ ಕೂತು ಎಲ್ಲ ಹೇಳಿದರು. ಬಿಟ್ಟ ಹಾಳೆ, ಸೇರಿಸಿದ ಮಾತು, ಆ ಬೆಳಿಗ್ಗೆ ಅವನು ಬಂದು ಕೇಳಿದ್ದು, ತಾವು ಇಲ್ಲವೆಂದದ್ದು. ಆಮೇಲೆ ಹನ್ನೊಂದು ಹಾಳೆಯನ್ನೂ ಒಂದಕ್ಷರ ಬಿಡದೆ ಓದಿದರು. ನೀರು ಹೊರುವವನು ಸತ್ತ. ಅಣ್ಣತಮ್ಮಂದಿರು ಉಂಡರು. ಹಾಳೆ ಮುಗಿಯಿತು.

ಅಂಬಮ್ಮ ಅಳಲಿಲ್ಲ, ಬೈಯಲಿಲ್ಲ. ರೊಟ್ಟಿಯ ಮೇಲೆ ಖಾರ ಹಚ್ಚುತ್ತ ಕೇಳಿಸಿಕೊಂಡಳು. ಕೊನೆಗೆ ಕೇಳಿದಳು:

"ಅವಗ ಹೇಣ್ತಿ ಇದ್ದಿಲ್ಲೇನ್ರಿ?"

ರಾಯರು ಪುಸ್ತಕ ನೋಡಿದರು. ಮೊದಲಿನಿಂದ ಹಾಳೆ ಹಾಳೆಯಾಗಿ ಹುಡುಕಿದರು. "ಅದೇನೂ ಬರದಿಲ್ಲವ್ವಾ."

"ಮನಿ ಎಲ್ಲಿತ್ತಂತ? ಅವನ್ನ ಮಣ್ಣಿಗಿ ಯಾರು ಹಾಕಿದ್ರಂತ?"

"ಬರದಿಲ್ಲ."

ಅವಳು ಬುತ್ತಿಯ ಗಂಟು ಬಿಗಿದಳು. "ಹಂಗಾದ್ರ ಬರದಾಂವನೂ ಹಾಳಿ ಬಿಟ್ಟಾನ ಬಿಡ್ರಿ, ರಾಯರ."

ಗಿರಣಿಯ ಭೋಂಗಾ ಕೂಗಿತು. "ಅತ್ತ ಸರೀರಿ, ಹೊತ್ತಾತು," ಎಂದು ಬಾಗಿಲಿನಲ್ಲಿ ಕೂತಿದ್ದ ರಾಯರನ್ನು ಬಳಸಿಕೊಂಡು, ಬುತ್ತಿ ಎತ್ತಿಕೊಂಡು ಹೊರಟುಹೋದಳು. ರಾಯರು ಪುಸ್ತಕವನ್ನು ಮತ್ತೆ ತೆರೆದರು. ಕಡೆಯ ಪುಟದಲ್ಲಿ ತಪ್ಪೊಪ್ಪುಗಳ ಪಟ್ಟಿಯಿತ್ತು. ಅದರಲ್ಲೇನಾದರೂ ಇದ್ದೀತೆಂದು, ಖಾಲಿ ಗುಡಿಸಲಿನ ಮುಂದೆ ಕೂತು, ಅವರು ಅದನ್ನು ಮೊದಲ ಸಲ ಪೂರ್ತಿ ಓದಿದರು.